ಗೋಡೆ ಒದ್ದೆ, ಬಿರುಕು, ನಲ್ಲೀಲಿ ಕರೆಂಟು: ಕೊಡಗಿನ ಮನೆಯಲ್ಲಿ ಮಳೆಗಾಲದ ದೋಷ ಹುಡುಕುವುದು ಹೇಗೆ

ಕಕ್ಕಡದ (ಜುಲೈ-ಆಗಸ್ಟಿನ) ಮಳೆ ಬಿಡದೆ ಹೊಡೆಯಲು ಶುರುವಾದರೆ ನನ್ನ ಫೋನೂ ಬಿಡದೆ ಹೊಡೆಯುತ್ತದೆ. ಒಬ್ಬರಿಗೆ ಗೋಡೆ ಒದ್ದೆ. ಇನ್ನೊಬ್ಬರಿಗೆ ಕಿಟಕಿ ಮೂಲೆಯಲ್ಲಿ ಬಿರುಕು. ಮತ್ತೊಬ್ಬರಿಗೆ ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್. ಕೇಳುವುದು ಮಾತ್ರ ಎಲ್ಲರೂ ಒಂದೇ: "ಯಾವ ಕೆಮಿಕಲ್ ಹಾಕ್ಬೇಕು?"

ನಾನು ವಾಪಸ್ ಕೇಳುವುದೂ ಒಂದೇ. "ಮಾಡಿನ, ಅಂದರೆ ಚಾವಣಿಯ, ನೀರು ಎಲ್ಲಿಗೆ ಹೋಗ್ತಿದೆ, ನೋಡಿದ್ದೀರಾ?"

ನಮ್ಮ ತೋಟದವರು ಮಳೆಯನ್ನು ಇಂಚಿನಲ್ಲೇ ಹೇಳುವುದು. ಅದೇ ಲೆಕ್ಕ ಮನೆಗೂ ಹಾಕಿ. 1000 ಚದರಡಿ ಮಾಡಿನ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ನಾಲ್ಕೈದು ಇಂಚು ಬೀಳುವ ದಿನ ನಮಗೇನು ಹೊಸದಲ್ಲ. ಅಂದರೆ ಒಂದೇ ದಿನದಲ್ಲಿ ಹತ್ತು ಸಾವಿರ ಲೀಟರ್, ಎರಡು ಸಣ್ಣ ಟ್ಯಾಂಕರ್ ತಂದು ಪಾಯದ ಪಕ್ಕ ಸುರಿದ ಹಾಗೆ. ಅದಕ್ಕೆ ದಾರಿ ಮಾಡಿಕೊಡದೆ ಯಾವ ಕೆಮಿಕಲ್ ಹಾಕಿದರೂ ದುಡ್ಡು ದಂಡ.

ಹಾಗಾಗಿ ದೋಷ ಯಾವುದೇ ಇರಲಿ, ಮೊದಲ ತಪಾಸಣೆಗೆ ಒಂದು ಕೊಡೆ ಸಾಕು. ಜೋರು ಮಳೆಯಲ್ಲೇ ಮನೆ ಸುತ್ತ ಒಂದು ಸುತ್ತು ಬನ್ನಿ. ನೀರು ಎಲ್ಲಿ ಬೀಳುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಎಲ್ಲಿ ಮಾಯವಾಗುತ್ತಿದೆ ನೋಡಿ. ನಿಂತ ನೀರಿಗಿಂತ ಮಾಯವಾಗುವ ನೀರಿನ ಮೇಲೆ ಜಾಸ್ತಿ ಕಣ್ಣಿರಲಿ. ಅದು ನೆಲದೊಳಗೆ ಎಲ್ಲೋ ಕೆಲಸ ಮಾಡುತ್ತಿರುತ್ತದೆ. ಗುಡುಗು ಸಿಡಿಲಿದ್ದರೆ ಮಾತ್ರ ಹೊರಗೆ ಹೋಗಬೇಡಿ. ಪಾಚಿ ಹಿಡಿದ ಹೆಂಚಿನ ಮೇಲೆ ಮಳೆಯಲ್ಲಿ ಹತ್ತುವ ಸಾಹಸವೂ ಬೇಡ.

ಗೋಡೆ ಒದ್ದೆಯಾಗುತ್ತದೆ, ಬಣ್ಣ ಏಳುತ್ತದೆ

ಒದ್ದೆ ಎಷ್ಟು ಎತ್ತರದಲ್ಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ನೆಲದಿಂದ ಶುರುವಾಗಿ ಮೂರಡಿ ಒಳಗೇ ನಿಂತಿದ್ದರೆ, ಮೇಲಂಚಿನಲ್ಲಿ ಉಪ್ಪಿನ ಹಾಗೆ ಬಿಳಿ ಪುಡಿ ಇದ್ದರೆ, ನೀರು ಪಾಯದಿಂದ ಮೇಲಕ್ಕೆ ಏರುತ್ತಿದೆ. ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಬಂದಿದ್ದರೆ, ಮಳೆ ಜೋರಾದಾಗ ದೊಡ್ಡದಾಗಿ ಎರಡು ದಿನ ಹೊಳವಾದರೆ ಚಿಕ್ಕದಾಗುತ್ತಿದ್ದರೆ, ಅದು ಸೋರಿಕೆ. ಇನ್ನು ಬೀರುವಿನ ಹಿಂದೆ, ಕೋಣೆಯ ಮೂಲೆಯಲ್ಲಿ ಕಪ್ಪು ಬೂಸ್ಟು ಹಿಡಿದು, ಮಳೆ ಹೆಚ್ಚು ಕಡಿಮೆಯಾದರೂ ಅದು ಹಾಗೇ ಇದ್ದರೆ? ಬಹುಶಃ ಗೋಡೆ ಸೋರುತ್ತಿಲ್ಲ. ಒಳಗಿನ ಗಾಳಿಯ ತೇವವೇ ತಣ್ಣನೆ ಗೋಡೆಗೆ ಕೂತು ನೀರಾಗುತ್ತಿದೆ.

ಯಾವುದು ಅಂತ ಅನುಮಾನ ಬಂದರೆ ಒಂದು ಅಗ್ಗದ ಪರೀಕ್ಷೆ ಇದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಒಂದಡಿ ಚೌಕ ಕತ್ತರಿಸಿ. ಗೋಡೆಯ ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಫಾಯಿಲ್ ಇಟ್ಟು ನಾಲ್ಕೂ ಬದಿಗೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಕೋಣೆಯ ಕಡೆಯ ಮುಖದಲ್ಲಿ ಹನಿ ಕೂತಿದ್ದರೆ ಗಾಳಿಯ ತೇವ. ಕಿತ್ತಾಗ ಹಿಂದಿನ ಮುಖ ಒದ್ದೆ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ.

ಗಾಳಿಯ ತೇವಕ್ಕೆ ಮದ್ದು ಸುಲಭ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಕೋಣೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದನ್ನು ಬಿಡಿ. ನಮ್ಮ ಮಳೆಗಾಲದಲ್ಲಿ ಇದು ಹೇಳುವಷ್ಟು ಸುಲಭ ಅಲ್ಲ, ನನಗೆ ಗೊತ್ತು. ಕೊನೇಪಕ್ಷ ಒಂದೇ ಕೋಣೆಯಲ್ಲಿ ಒಣಗಿಸಿ, ಆ ಕೋಣೆಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಕೆಳಗಿನಿಂದ ಏರುವ ಒದ್ದೆಗೆ ಹೊರಗೆ ಹೋಗಿ ನೋಡಬೇಕು. ಸೋಮವಾರಪೇಟೆ ಕಡೆ ಒಂದು ಮನೆಯಲ್ಲಿ ಮಲಗುವ ಕೋಣೆಯ ಗೋಡೆಗೆ ಮೂರು ವರ್ಷದಲ್ಲಿ ಮೂರು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದರು. ಪ್ರತಿ ಆಗಸ್ಟಿಗೆ ದೋಸೆಯ ಹಾಗೆ ಎದ್ದು ಬರುತ್ತಿತ್ತು. ನಾನು ಹೋದಾಗ ಅವರು ಒಳಗಿನ ಗೋಡೆ ತೋರಿಸುತ್ತಲೇ ಇದ್ದರು. ನಾನು ಹೊರಗೆ ಹೋದೆ. ಅದೇ ಗೋಡೆಗೆ ಒರಗಿಸಿ ಆ ಮನೆಯ ಅಕ್ಕ ಹೂವಿನ ಪಾತಿ ಮಾಡಿದ್ದರು. ಆಂಥೂರಿಯಂ ಚೆನ್ನಾಗಿ ಬಂದಿತ್ತು. ಮಣ್ಣು ಒಳಗಿನ ನೆಲಕ್ಕಿಂತ ಒಂದಡಿ ಎತ್ತರ ಇತ್ತು. ಮಾಡಿನ ಪೈಪಿನ ಬಾಯಿ ನೇರ ಪಾತಿಗೇ ಬಿಟ್ಟಿತ್ತು. ಗಿಡಕ್ಕೆ ನೀರಾಗಲಿ ಅಂತ! ಪಾತಿ ತೆಗೆಸಿ, ಪೈಪನ್ನು ಚರಂಡಿವರೆಗೆ ಮುಂದುವರಿಸಿದೆವು. ಮುಂದಿನ ವರ್ಷ ಪೇಂಟ್ ನಿಂತಿತು.

ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ಗೋಡೆಯಿಂದ ದೂರ ಹೋಗುತ್ತಾ ಹತ್ತಡಿಗೆ ಆರಿಂಚು ಇಳಿಜಾರು ಇದ್ದರೆ ಒಳ್ಳೆಯದು. ಇಷ್ಟು ಮಾಡಿಯೂ ಎರಡು ಮಳೆಗಾಲ ಒದ್ದೆ ಹೋಗದಿದ್ದರೆ ಆಗ ಪಾಯದ ಮಟ್ಟದ ತೇವ ತಡೆ ಬಗ್ಗೆ ಎಂಜಿನಿಯರ್ ಹತ್ತಿರ ಮಾತಾಡಿ. ಹಳೇ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಸಲು ಮಾತ್ರ ಹೋಗಬೇಡಿ. ಒಳಗಿನ ತೇವಕ್ಕೆ ಹೊರಬರಲು ದಾರಿ ಸಿಗದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ.

ತಾರಸಿ ಅಥವಾ ಮಾಡು ಸೋರುತ್ತದೆ

ತೊಟ್ಟಿಕ್ಕುವ ಜಾಗದ ನೇರ ಮೇಲೇ ತೂತು ಇರುತ್ತದೆ ಅಂದುಕೊಳ್ಳಬೇಡಿ. ನೀರು ರೀಪರು (ಹೆಂಚು ಕೂರುವ ಮರದ ಪಟ್ಟಿ), ಕಂಬಿ ಹಿಡಿದು ಎಷ್ಟೋ ದೂರ ನಡೆದು ಬಂದಿರುತ್ತದೆ.

ಹೆಂಚಿನ ಮಾಡಾದರೆ ಹಗಲಿನಲ್ಲಿ ಅಟ್ಟಕ್ಕೆ ಹೋಗಿ, ದೀಪ ಆರಿಸಿ, ಮೇಲೆ ನೋಡಿ. ಬೆಳಕು ಕಂಡ ಕಡೆ ಹೆಂಚು ಒಡೆದಿದೆ, ಇಲ್ಲ ಜರುಗಿದೆ. ಶೀಟಿನ ಮಾಡಾದರೆ ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ನೋಡಿ. ಬಿಸಿಲಿಗೆ ಒಣಗಿ ಸೀಳಿರುತ್ತದೆ. ಶೀಟು ಬದಲಿಸಿ ಅನ್ನುವವರ ಮಾತು ಕೇಳುವ ಮೊದಲು ವಾಷರ್ ಬದಲಿಸಿ ನೋಡಿ. ಎರಡು ಮಾಡು ಸೇರುವ ಕಣಿವೆಯಲ್ಲಿ, ಮಾಡಂಚಿನ ನೀರು ಹಿಡಿಯುವ ದಂಬೆಯಲ್ಲಿ ಸಿಲ್ವರ್ ಮರದ ಎಲೆ ತುಂಬಿರುವುದೂ ಇದೆ. ಮೇ ಕೊನೆಗೊಮ್ಮೆ, ಜುಲೈ ನಡುವಿಗೊಮ್ಮೆ ತೆಗೆದರೆ ಸಾಕು.

ಆರ್‌ಸಿಸಿ ತಾರಸಿಯಾದರೆ ನೀರು ಹೋಗುವ ತೂತು ಕಟ್ಟಿದೆಯಾ ಅಂತ ಮೊದಲು ನೋಡಿ. ಮಳೆ ನಿಂತು ಒಂದು ದಿನವಾದರೂ ನೀರು ನಿಂತಿದ್ದರೆ ಇಳಿಜಾರು ಸಾಲದು. ನೂರಕ್ಕೆ ಒಂದಾದರೂ, ಅಂದರೆ ಹತ್ತಡಿಗೆ ಒಂದಿಂಚಿಗಿಂತ ಸ್ವಲ್ಪ ಜಾಸ್ತಿ ಬೇಕು. ತಾರಸಿ ಮೇಲೆ ಶೀಟು ಹಾಕಿಸುವುದು ಈಗ ಊರೆಲ್ಲ ರೂಢಿ. ಕೆಲಸವನ್ನೂ ಮಾಡುತ್ತದೆ. ಆದರೆ ಶೀಟಿನ ನೀರಿಗೆ ದಂಬೆ ಹಾಕದೆ ಬಿಟ್ಟರೆ ಅದು ಗೋಡೆ ಬುಡಕ್ಕೇ ಬೀಳುತ್ತದೆ. ಮತ್ತೆ ಮೇಲಿನ ಕತೆ.

ಒಳಗೆ ಸೀಲಿಂಗಿನಲ್ಲಿ ತುಕ್ಕಿನ ಬಣ್ಣದ ಕಲೆ ಕಂಡು, ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ಅದು ಸೋರಿಕೆ ಮಾತ್ರ ಅಲ್ಲ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಕಾಂಕ್ರೀಟನ್ನು ಒಳಗಿಂದ ಒಡೆಯುತ್ತದೆ. ಅದರ ಕೆಳಗೆ ಮಂಚ ಇದ್ದರೆ ಇವತ್ತೇ ಸರಿಸಿ. ಸಿಮೆಂಟ್ ಮೆತ್ತಿ ಮುಚ್ಚಿಸಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು.

ಗೋಡೆಯಲ್ಲಿ ಬಿರುಕು

ಬಿರುಕು ಕಂಡ ತಕ್ಷಣ ಹೆದರುವುದೂ ತಪ್ಪು, ಪುಟ್ಟಿ ತುಂಬಿ ಮರೆಯುವುದೂ ತಪ್ಪು. ಮೊದಲು ಅಳೆಯಿರಿ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಕಾರ್ಡಿನ ಅಂಚು ಒಳಗೆ ಹೋಗದಿದ್ದರೆ, ಜೇಡನ ಬಲೆಯ ಹಾಗೆ ಸಣ್ಣ ಸಣ್ಣ ಗೆರೆ ಇದ್ದರೆ, ಅದು ಬರೀ ಗಾರೆಯ ಬಿರುಕು. ಗಾರೆ ಒಣಗುವಾಗ ಕುಗ್ಗಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗಾರೆ ಗೋಡೆ ಬಿಟ್ಟಿದೆ. ಅಷ್ಟು ತೆಗೆದು ಹೊಸದಾಗಿ ಬಳಿಸಿದರಾಯಿತು.

ಪಿಲ್ಲರ್ ಮತ್ತು ಗೋಡೆ ಸೇರುವಲ್ಲಿ ನೇರ ಗೆರೆ ಬಂದಿದ್ದರೆ, ಕಾಂಕ್ರೀಟೂ ಕಲ್ಲೂ ಬಿಸಿಲಿಗೆ ಬೇರೆ ಬೇರೆ ರೀತಿ ಹಿಗ್ಗುತ್ತವೆ, ಅದಕ್ಕೆ. ಆ ಸಂದಿಗೆ ಜಾಳಿಗೆ (ಮೆಶ್) ಹಾಕದೆ ಗಾರೆ ಬಳಿದಿರುತ್ತಾರೆ. ತಾರಸಿಯ ಕೆಳಗೇ ಗೋಡೆಯುದ್ದಕ್ಕೂ ಅಡ್ಡ ಬಿರುಕು ಬಂದರೂ ಕಾರಣ ಸಾಮಾನ್ಯವಾಗಿ ಬಿಸಿಲೇ. ಇವು ಕಣ್ಣಿಗೆ ಕೆಟ್ಟದು, ಮನೆಗೆ ಅಷ್ಟಲ್ಲ.

ನಿದ್ದೆ ಕೆಡಿಸಬೇಕಾದ್ದು ಓರೆ ಬಿರುಕು. ಕಿಟಕಿ ಮೂಲೆಯಿಂದ ಹೊರಟು, ಇಟ್ಟಿಗೆ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹೋಗಿದ್ದರೆ, ಒಂದು ತುದಿಯಲ್ಲಿ ಅಗಲ ಇನ್ನೊಂದು ತುದಿಯಲ್ಲಿ ಸಪೂರ ಇದ್ದರೆ, ಪಾಯದ ಒಂದು ಭಾಗ ಕೂರುತ್ತಿದೆ. ನಮ್ಮಲ್ಲಿ ಇದಕ್ಕೆ ಮಾಮೂಲಿ ಕಾರಣ ಒಂದಿದೆ. ಇಳಿಜಾರಿನಲ್ಲಿ ಮಟ್ಟ ಮಾಡುವಾಗ ಮನೆಯ ಅರ್ಧ ಕಡಿದ ಗಟ್ಟಿ ಮಣ್ಣಿನ ಮೇಲೆ, ಇನ್ನರ್ಧ ಜೆಸಿಬಿ ತಂದು ಸುರಿದ ಮಣ್ಣಿನ ಮೇಲೆ ಕೂತಿರುತ್ತದೆ. ಸುರಿದ ಮಣ್ಣು ನೀರು ಕುಡಿದಾಗ ಕುಸಿಯುತ್ತದೆ. ಕಡಿದ ಮಣ್ಣು ಹಾಗೇ ಇರುತ್ತದೆ. ನಡುವೆ ಗೋಡೆ ಹರಿಯುತ್ತದೆ.

ಬಿರುಕು ಬೆಳೆಯುತ್ತಿದೆಯಾ ಅಂತ ತಿಳಿಯಲು, ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡ ಗೆರೆ ಎಳೆದು ತಾರೀಕು ಬರೆಯಿರಿ. ಮಧ್ಯದಲ್ಲಿ ಒಂದು ಸಣ್ಣ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡು ಬದಿಗೂ ಎಂ-ಸೀಲ್ ಮೆತ್ತಿ. ಒಂದು ಮನೆಯಲ್ಲಿ ಸಂಜೆ ಗಾಜು ಅಂಟಿಸಿ ಬಂದಿದ್ದೆ. ನಾಲ್ಕನೇ ಬೆಳಿಗ್ಗೆ ಫೋನು ಬಂತು: "ಅಣ್ಣ, ರಾತ್ರಿ ಟಿಕ್ ಅಂತು." ಗಾಜು ಎರಡು ತುಂಡಾಗಿತ್ತು. ಆ ಮನೆಯ ಹಿಂದೆ ಬಚ್ಚಲ ನೀರಿನ ಪೈಪು ಮಣ್ಣೊಳಗೆ ಒಡೆದು, ತಿಂಗಳಾನುಗಟ್ಟಲೆ ಪಾಯಕ್ಕೆ ನೀರು ಕುಡಿಸುತ್ತಿತ್ತು. ಹೊರಗಿನ ನೀರು ನೋಡಿ ನೋಡಿ ಒಳಗಿನ ನೀರನ್ನು ನಾನೇ ಮರೆತಿದ್ದೆ. ಅಂದಿನಿಂದ ಓರೆ ಬಿರುಕು ಕಂಡರೆ ಬಚ್ಚಲು, ಸಂಪು, ಶೌಚದ ಗುಂಡಿ ಎಲ್ಲಿವೆ ಅಂತ ಮೊದಲೇ ಕೇಳುತ್ತೇನೆ.

ಬಿರುಕು 5 ಮಿಲಿಮೀಟರ್ ದಾಟಿದ್ದರೆ, ಗೋಡೆಯ ಒಳಗೂ ಹೊರಗೂ ಒಂದೇ ಕಡೆ ಕಾಣುತ್ತಿದ್ದರೆ, ಗಾಜು ಒಡೆದರೆ, ಇಲ್ಲ ಬಿರುಕು ಪಿಲ್ಲರ್ ಅಥವಾ ಬೀಮಿನಲ್ಲೇ ಇದ್ದರೆ, ಮೇಸ್ತ್ರಿಯನ್ನು ಕರೆಯುವ ಹಂತ ದಾಟಿದೆ. ಎಂಜಿನಿಯರ್ ಬೇಕು.

ಬಾಗಿಲು ಹಾಕಲು ಬರುತ್ತಿಲ್ಲ

ಮನೆಯ ಎಲ್ಲ ಬಾಗಿಲೂ ಬಿಗಿಯಾಗಿದ್ದರೆ ಮರ ತೇವಕ್ಕೆ ಉಬ್ಬಿದೆ. ಜನವರಿಗೆ ತಾನೇ ಸರಿಹೋಗುತ್ತದೆ, ಉಳಿ ಹಿಡಿಯಬೇಡಿ. ಒಂದೇ ಬಾಗಿಲು ಹಿಡಿಯುತ್ತಿದ್ದರೆ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಓರೆಯಾಗಿ ದಾರ ಹಿಡಿದು ಎರಡೂ ಕಡೆ ಅಳೆಯಿರಿ. ಎರಡಳತೆಯೂ ಒಂದೇ ಇದ್ದರೆ ಮರದ ದೋಷ. ಬೇರೆ ಬೇರೆ ಇದ್ದು, ಬಾಗಿಲ ಮೇಲೆ ಓರೆ ಬಿರುಕೂ ಇದ್ದರೆ ಗೋಡೆಯೇ ವಾಲುತ್ತಿದೆ ಅಂತ ಅರ್ಥ. ಹಿಂದಿನ ಭಾಗ ಇನ್ನೊಮ್ಮೆ ಓದಿ.

ನಲ್ಲಿ ಮುಟ್ಟಿದರೆ ಜುಮ್, ಇಲ್ಲ ಪದೇ ಪದೇ ಟ್ರಿಪ್

ನಲ್ಲಿ, ಗೋಡೆ, ಫ್ರಿಜ್ ಯಾವುದು ಮುಟ್ಟಿದರೂ ಜುಮ್ ಅಂದರೆ "ಸ್ವಲ್ಪ ತಾನೇ" ಅನ್ನಬೇಡಿ. ಒಣ ಚಪ್ಪಲಿ ಹಾಕಿ ಮೈನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೈನ್ ಇಳಿಸಿದರೂ ಇನ್ವರ್ಟರ್ ಲೈನಿನಲ್ಲಿ 230 ವೋಲ್ಟ್ ಓಡುತ್ತಲೇ ಇರುತ್ತದೆ. ಇದನ್ನು ಮರೆತು ಕೈ ಹಾಕಿದವರು ಬಹಳ. ಸರಿಯಾಗುವವರೆಗೆ ಆ ಬಚ್ಚಲಲ್ಲಿ ಸ್ನಾನ ಬೇಡ.

ಆಮೇಲೆ ಬೋರ್ಡು ನೋಡಿ. ಎಂಸಿಬಿ ಮಾತ್ರ ಇದೆಯಾ, ಆರ್‌ಸಿಸಿಬಿ ಕೂಡ ಇದೆಯಾ? 'ಟೆಸ್ಟ್' ಅಥವಾ 'ಟಿ' ಅಂತ ಬರೆದ ಸಣ್ಣ ಗುಂಡಿ ಇರುವುದೇ ಆರ್‌ಸಿಸಿಬಿ. ಎಂಸಿಬಿ ವೈರನ್ನು ಕಾಯುತ್ತದೆ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. 30 ಮಿಲಿಆಂಪ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಹಳೇ ಮನೆಗಳಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇದು ಇರುವುದೇ ಅಪರೂಪ. ಇದ್ದರೆ ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಬದಲಿಸಿ.

ಆರ್‌ಸಿಸಿಬಿ ಬೀಳುತ್ತಿದ್ದರೆ ಅದನ್ನು ಬಯ್ಯಬೇಡಿ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ, ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತಾ ಬನ್ನಿ. ಯಾವುದನ್ನು ಏರಿಸಿದಾಗ ಬಿತ್ತೋ ಆ ಲೈನಿನ ಎಲ್ಲ ಪ್ಲಗ್ ಕಿತ್ತು ಮತ್ತೆ ಏರಿಸಿ. ಈಗ ನಿಂತರೆ ದೋಷ ಯಾವುದೋ ಉಪಕರಣದ್ದು. ನಾನು ಕಂಡಂತೆ ಹೆಚ್ಚಾಗಿ ಸಿಕ್ಕಿಬೀಳುವುದು ಗೀಸರ್. ಆಮೇಲೆ ಅಂಗಳದ ದೀಪ, ಗೇಟಿನ ದೀಪ, ಪಂಪ್‌ಸೆಟ್. ಮಳೆ ನೀರು ಹೋಲ್ಡರ್ ಒಳಗೆ ಇಳಿದಿರುತ್ತದೆ. ಎಲ್ಲ ಎಂಸಿಬಿ ಇಳಿಸಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ ನ್ಯೂಟ್ರಲ್ ವೈರು (ಕರೆಂಟು ವಾಪಸ್ ಹೋಗುವ ವೈರು) ಎಲ್ಲೋ ಒದ್ದೆ ಗೋಡೆಗೆ ತಗುಲಿರಬಹುದು. ಸಾದಾ ಎಂಸಿಬಿ ನ್ಯೂಟ್ರಲನ್ನು ಕಡಿಯುವುದಿಲ್ಲ, ಅದಕ್ಕೇ. ಇಲ್ಲಿಂದ ಮುಂದೆ ಎಲೆಕ್ಟ್ರಿಷಿಯನ್ ಕೆಲಸ. "ಆರ್‌ಸಿಸಿಬಿ ತೆಗೆದು ನೇರ ಕೊಟ್ಟುಬಿಡ್ತೀನಿ" ಅನ್ನುವವನಿಗೆ ಕಾಫಿ ಕೊಟ್ಟು ಕಳಿಸಿ.

ಅರ್ಥಿಂಗ್ ಗುಂಡಿಯನ್ನೂ ನೋಡಿ. ಪೈಪಿಗೆ ಕಟ್ಟಿದ ತಂತಿ ತುಕ್ಕು ಹಿಡಿದು ತುಂಡಾಗಿರುತ್ತದೆ, ಇಲ್ಲ ಯಾರೋ ಕಳೆ ಹೊಡೆಯುವಾಗ ಕತ್ತರಿಸಿರುತ್ತಾರೆ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ಅಳೆದರೆ 5 ಓಮ್ ಒಳಗೆ ಇರುವುದು ಒಳ್ಳೆಯದು. ಮೈನ್ ಮತ್ತು ಇನ್ವರ್ಟರ್ ಎರಡೂ ಆಫ್ ಇದ್ದಾಗಲೂ ನಲ್ಲಿಯಲ್ಲಿ ವೋಲ್ಟೇಜ್ ತೋರಿಸಿದರೆ ದೋಷ ಹೊರಗಿನಿಂದ ಬರುತ್ತಿದೆ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಕೆಲವು ಬಲ್ಬು ತುಂಬಾ ಪ್ರಕಾಶ, ಕೆಲವು ಮಂಕು ಆಗುತ್ತಿದ್ದರೆ ಬೇರೇನೂ ಯೋಚಿಸದೆ ಮೈನ್ ಇಳಿಸಿ. ನ್ಯೂಟ್ರಲ್ ಸಡಿಲವಾಗಿದೆ. ಟಿವಿ, ಫ್ರಿಜ್ ಸುಟ್ಟುಹೋಗಲು ನಿಮಿಷ ಸಾಕು. ಇದಕ್ಕೂ 1912.

ಜನರೇಟರ್ ಇರುವ ತೋಟದ ಮನೆಗಳಿಗೆ ಒಂದು ಮಾತು. ಎರಡು ತುದಿಗೂ ಪಿನ್ ಇರುವ ವೈರ್ ಮಾಡಿ ಪ್ಲಗ್‌ನಿಂದಲೇ ಮನೆಗೆ ಕರೆಂಟು ಕೊಡುವ ಅಭ್ಯಾಸ ಇದೆಯಲ್ಲ, ಅದು ಕೊಲೆಗೆ ಸಮ. ಕರೆಂಟು ಹೊರಗಿನ ಲೈನಿಗೆ ಹೋಗುತ್ತದೆ. ಮರ ಬಿದ್ದ ಕಡೆ ಕಂಬ ಹತ್ತಿದ ಲೈನ್‌ಮನ್ ಕೈಗೆ ಸಿಗುತ್ತದೆ. ಒಮ್ಮೆಗೆ ಹೊರಗಿನ ಲೈನು ಇಲ್ಲ ಜನರೇಟರ್, ಒಂದನ್ನೇ ಮನೆಗೆ ಜೋಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಎಳೆಯಬೇಡಿ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ತಲೆನೋವು, ಮಂಪರು

ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆ ಇಲ್ಲ. ಚಳಿಗೆ ಕೋಣೆಯೊಳಗಿಟ್ಟ ಕೆಂಡ, ಬಚ್ಚಲೊಳಗಿನ ಗ್ಯಾಸ್ ಗೀಸರ್, ವರಾಂಡದ ಜನರೇಟರ್ ಇವೇ ಮೂಲ. ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಬೇಕು. ವೆಂಟಿಲೇಟರ್‌ಗೆ ಪ್ಲಾಸ್ಟಿಕ್ ಹೊಡೆದಿದ್ದರೆ ಕಿತ್ತು ಹಾಕಿ.

ತಡೆಗೋಡೆ ಉಬ್ಬಿದೆ, ಅಂಗಳ ಬಿರಿದಿದೆ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿ ಏನಾಯಿತು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಮರುವರ್ಷ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಡೀ ಬೆಟ್ಟದ ಜಾರುವಿಕೆಯನ್ನು ಒಂದು ಮನೆಯವರು ತಡೆಯಲಾಗದು. ಮನೆ ಹಿಂದಿನ ಬರೆ (ಕಡಿದ ಮಣ್ಣಿನ ದಿಬ್ಬ) ಮತ್ತು ತಡೆಗೋಡೆಯನ್ನಾದರೂ ನೋಡಿಕೊಳ್ಳಬಹುದು.

ತಡೆಗೋಡೆಯಲ್ಲಿ ನೀರು ಬಿಡುವ ಪೈಪಿನ ತೂತುಗಳು ಇರುತ್ತವಲ್ಲ, ಮಳೆ ಜೋರಾಗಿ ಬಂದ ಮರುದಿನ ಅವನ್ನು ನೋಡಿ. ತಿಳಿ ನೀರು ಬರುತ್ತಿದ್ದರೆ ಒಳ್ಳೆಯದು. ಕೆಸರು ನೀರು ಬಂದರೆ ಹಿಂದಿನ ಮಣ್ಣು ಕೊಚ್ಚಿ ಬರುತ್ತಿದೆ, ಜಲ್ಲಿ ಪದರ ಇಲ್ಲ. ಊರೆಲ್ಲ ನೀರಾಗಿರುವಾಗ ತೂತು ಮಾತ್ರ ಒಣಗಿದ್ದರೆ? ಅದೇ ಕೆಟ್ಟದ್ದು. ಕಟ್ಟಿಹೋಗಿದೆ, ನೀರು ಹಿಂದೆ ತುಂಬುತ್ತಿದೆ. ಹತ್ತಡಿ ಎತ್ತರದ ಗೋಡೆ ಹಿಂದೆ ನೀರು ಪೂರ್ತಿ ತುಂಬಿದರೆ ಆ ನೀರೊಂದೇ ಪ್ರತಿ ಮೀಟರ್ ಉದ್ದಕ್ಕೆ ನಾಲ್ಕೂವರೆ ಟನ್ನಿಗೂ ಜಾಸ್ತಿ ತಳ್ಳುತ್ತದೆ. ಮಣ್ಣಿನದ್ದು ಬೇರೆ. ಗೋಡೆ ನೆಟ್ಟಗಿದ್ದರೆ ಮಾತ್ರ ಪಕ್ಕದಲ್ಲಿ ನಿಂತು ಉದ್ದನೆಯ ಕಂಬಿಯಿಂದ ತೂತು ಬಿಡಿಸಿ ನೋಡಿ. ತೂಗುಗುಂಡು ಬಿಟ್ಟಾಗ ಗೋಡೆ ಮುಂದಕ್ಕೆ ವಾಲಿದ್ದರೆ, ಹೊಟ್ಟೆ ಬಿಟ್ಟಿದ್ದರೆ, ಅದರ ಕೆಳಗೆ ನಿಲ್ಲಲೇಬೇಡಿ. ಬುಡದಲ್ಲಿ ಒಂದು ಗುದ್ದಲಿ ಮಣ್ಣನ್ನೂ ತೆಗೆಯಬೇಡಿ.

ಅಂಗಳದಲ್ಲಿ, ತೋಟದಲ್ಲಿ ಕುಡುಗೋಲಿನ ಹಾಗೆ ಬಾಗಿದ ಬಿರುಕು ಕಂಡರೆ ಅದು ಒಣ ಮಣ್ಣಿನ ಬಿರುಕಲ್ಲ, ಜಾರಲು ಹೊರಟ ಮಣ್ಣಿನ ಮೇಲಂಚು. ಇನ್ನೂ ಸಪೂರ ಇದ್ದು, ಮಳೆ ಬಿಟ್ಟು, ಹಗಲಾಗಿದ್ದರೆ ಜೇಡಿಮಣ್ಣು ತುಂಬಿ ತುಳಿದು, ಮೇಲೆ ಟಾರ್ಪಾಲು ಹೊದಿಸಿ. ಮೇಲಿನ ನೀರನ್ನು ಬೇರೆ ಕಡೆಗೆ ತಿರುಗಿಸಿ. ಬರೆಯ ಮೇಲೆ ಇಂಗುಗುಂಡಿ ತೋಡಬೇಡಿ. ನೀರು ಇಂಗಿಸುವುದು ಒಳ್ಳೆ ಕೆಲಸವೇ, ಮನೆಯ ನೆತ್ತಿಯ ಮೇಲಲ್ಲ.

ಬಿರುಕು ಅಗಲವಾಗುತ್ತಿದ್ದರೆ, ಕರೆಂಟು ಕಂಬ ಅಥವಾ ಸಿಲ್ವರ್ ಮರಗಳು ವಾಲುತ್ತಿದ್ದರೆ, ಇಲ್ಲದ ಕಡೆ ಹೊಸ ಜಲ ಎದ್ದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಮಳೆಯಲ್ಲೂ ಕಡಿಮೆಯಾದರೆ, ಬೆಟ್ಟದ ಕಡೆಯಿಂದ ಗುಡುಗಿನ ಹಾಗೆ ಸದ್ದು ಬಂದರೆ, ತಪಾಸಣೆ ಅಲ್ಲಿಗೆ ಮುಗಿಯಿತು. ಹಸುವಿನ ಹಗ್ಗ ಬಿಚ್ಚಿ, ಗ್ಯಾಸ್ ಮತ್ತು ಮೈನ್ ಆಫ್ ಮಾಡಿ, ಮನೆಯವರನ್ನೆಲ್ಲ ಕರೆದುಕೊಂಡು ಹೊರಡಿ. ತೋಡಿನ ದಾರಿ ಹಿಡಿಯಬೇಡಿ, ಮಣ್ಣು ಬರುವುದೂ ಅದೇ ದಾರಿಯಲ್ಲಿ. ಸುರಕ್ಷಿತ ಜಾಗ ಸೇರಿ 1077ಕ್ಕೆ, ಜಿಲ್ಲಾ ಕಂಟ್ರೋಲ್ ರೂಮಿಗೆ, ತಿಳಿಸಿ. ಮನೆಪತ್ರ, ಒಡವೆ, ಒಂದು ಟಾರ್ಚು ಜೂನ್‌ನಲ್ಲೇ ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ನೇತು ಹಾಕಿಟ್ಟಿರಿ. ನಮ್ಮ ಮನೆಯಲ್ಲಿ ಅದು ಕೊಡೆಗಳ ಪಕ್ಕದ ಮೊಳೆಯಲ್ಲಿ ಇರುತ್ತದೆ.